ಮಹಾಪೂರಕ್ಕೆ ಮೋಟಾರು ಹೊರುವುದು ಬಿಟ್ಟೆ: ಹೊಳೆದಂಡೆಯ ಹಳಿಗಾಡಿ, ನನ್ನ ಅನುಭವ

ಕೃಷ್ಣೆಯ ದಂಡೆಗೆ ಮೋಟಾರು ಕೂರಿಸಿದವರಿಗೆ ಜುಲೈ ತಿಂಗಳ ಪಾಡು ಹೇಳಬೇಕಿಲ್ಲ. ರಾತ್ರೋರಾತ್ರಿ ಆಳು ಕೂಡಿಸಿ, ಬಡಿಗೆಗೆ ಹಗ್ಗ ಬಿಗಿದು, ಕೆಸರಿನಲ್ಲಿ ಜಾರುತ್ತ ಮೋಟಾರು ಹೊತ್ತು ಮೇಲೆ ತರಬೇಕು. 2021ರ ಮಹಾಪೂರದಿಂದ ಈಚೆಗೆ ನಾನು ಅದನ್ನು ಬಿಟ್ಟಿದ್ದೇನೆ. ನನ್ನ ಹದಿನೈದು ಎಚ್‌ಪಿ ಮೋನೋಬ್ಲಾಕ್ (ಮೋಟಾರು, ಪಂಪು ಒಂದೇ ಮೈಯಾಗಿರುವಂಥದ್ದು) ಹಳಿಯ ಮೇಲಿನ ಗಾಡಿಯಲ್ಲಿ ಕೂತಿದೆ. ನೀರು ಏರಿದಂತೆ ನಾನೊಬ್ಬನೇ ಕೈ ವಿಂಚ್ ತಿರುಗಿಸಿ ಎಳೆದುಕೊಳ್ಳುತ್ತೇನೆ. ‘ಹೊಳಿಗೆ ರೈಲು ಬಿಡ್ತಾನಂತ’ ಎಂದವರೇ ಈಗ ಅಳತೆ ಕೇಳಲು ಬರುತ್ತಿದ್ದಾರೆ.

ನಮ್ಮ ಹೊಲ ಚಿಕ್ಕೋಡಿ ತಾಲ್ಲೂಕಿನಲ್ಲಿ, ದೂಧಗಂಗೆ ಕೃಷ್ಣೆಗೆ ಕೂಡುವ ಕಲ್ಲೋಳದ ಸಂಗಮದಿಂದ ಕೆಳಗೆ. ಮೊದಲು ಮಾಡಿದ್ದು ತೆಪ್ಪ. ಪ್ಲಾಸ್ಟಿಕ್ ಬ್ಯಾರೆಲ್ ಜೋಡಿಸಿ, ಮೇಲೆ ಆಂಗಲ್ ಚೌಕಟ್ಟು ಹಾಕಿ ಮೋಟಾರು ಇಟ್ಟೆ. ಹತ್ತಿರ ಹತ್ತಿರ 30 ಸಾವಿರ ಹೋಯಿತು. ನಿಂತ ನೀರಿನಲ್ಲಿ ಚೆನ್ನಾಗಿಯೇ ಓಡಿತು. ಆದರೆ ಹೊಸ ನೀರು ಬರೀ ನೀರಾಗಿ ಬರುವುದಿಲ್ಲ. ಬುಡಸಮೇತ ಜಾಲಿ, ಕಬ್ಬಿನ ರವದಿ, ಜಲಕಳೆಯ ಚಾಪೆ ಎಲ್ಲ ಒಟ್ಟಿಗೆ ಬರುತ್ತವೆ. ಒಂದು ಮರ ಹಗ್ಗಕ್ಕೆ ಸಿಕ್ಕಿತು, ತೆಪ್ಪ ವಾಲಿತು, ಮೋಟಾರು ತಳ ಸೇರಿತು. ಬ್ಯಾರೆಲ್‌ಗಳು ಮಾತ್ರ ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡು ಉಳಿದವು.

ಆಮೇಲೆ ಹಳಿ. ಗುಜರಿಯಲ್ಲಿ ಸಿ-ಚಾನಲ್ (ಸಿ ಆಕಾರದ ಕಬ್ಬಿಣದ ಪಟ್ಟಿ) ಕೊಂಡು, ದಂಡೆಯ ಇಳಿಜಾರಿಗೆ ಕಾಂಕ್ರೀಟ್ ಗುಂಡಿ ಹಾಕಿ ಗಟ್ಟಿಯಾಗಿ ಕೂರಿಸಿದೆ. 2019ರ ಆಗಸ್ಟಿನ ಮಹಾಪೂರ ಎಂಥದ್ದೆಂದು ನಿಮಗೂ ಗೊತ್ತು. ನೀರು ಏರುವಾಗ ಹಳಿ ಅಲುಗಲಿಲ್ಲ. ಕೆಟ್ಟದ್ದು ಇಳಿಯುವಾಗ. ಎರೆಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಅಲ್ಲಿಯವರೆಗೆ ಅದಕ್ಕೆ ಒತ್ತು ಕೊಟ್ಟಿದ್ದ ಹೊಳೆ ಒಮ್ಮೆಲೇ ಕೆಳಗಿಳಿದರೆ ದಂಡೆ ಹಲಗೆ ಹಲಗೆಯಾಗಿ ಕುಸಿಯುತ್ತದೆ. ಕಾಂಕ್ರೀಟ್ ಗುಂಡಿಗಳು ಮಣ್ಣಿನ ಜೊತೆಗೇ ಜಾರಿ, ಚಾನಲ್ ತಿರುಚಿಕೊಂಡಿತು. ಆ ವರ್ಷ ಹಳಿ ಹೋಯಿತು, ಕಬ್ಬು ಹೋಯಿತು, ರಿವೈಂಡಿಂಗ್ ಮತ್ತು ಬೇರಿಂಗ್ ಸೇರಿ ಹದಿನೈದು ಸಾವಿರ ಮೇಲೆ ಬಿತ್ತು.

ಗೆದ್ದದ್ದು ಗಟ್ಟಿ ಕೂರಿಸುವುದನ್ನು ಕೈಬಿಟ್ಟ ಮೇಲೆ. ಈಗ ಹಳಿ ತಂತಿಜಾಳಿಗೆಯಲ್ಲಿ ಕಲ್ಲು ತುಂಬಿದ ಪೆಟ್ಟಿಗೆಗಳ ಮೇಲೆ ಮಲಗಿದೆ. ಎಂಟು-ಹತ್ತು ಅಡಿಯ ತುಂಡುಗಳು, ಉದ್ದ ತೂತಿನ ಬೋಲ್ಟ್ ಜೋಡಣೆ. ದಂಡೆ ಒಂದು ಗೇಣು ಜಾರಿದರೂ ಹಳಿ ಬಾಗುವುದಿಲ್ಲ, ಬೋಲ್ಟ್ ಸಡಿಲಿಸಿ ಮತ್ತೆ ಸಾಲಿಗೆ ತಂದರಾಯಿತು. ಡೆಲಿವರಿ ಪೈಪಿಗೆ ಇಳಿಜಾರಿನುದ್ದಕ್ಕೂ ಮೂರು ಕಡೆ ‘ಟೀ’ (ಮೂರು ಬಾಯಿಯ ಪೈಪ್ ಜೋಡಣೆ) ಮತ್ತು ವಾಲ್ವ್, ಗಾಡಿಯಿಂದ ಅಲ್ಲಿಗೆ ಹೋಸ್, ತುದಿಗೆ ಕ್ಯಾಮ್‌ಲಾಕ್ ಎಂಬ ಹಿಡಿಕೆಯ ಕೊಂಡಿ. ಬಿಚ್ಚಲು ಸ್ಪ್ಯಾನರ್ ಬೇಡ. ಗಾಡಿ ಸೇರಿ ತೂಕ ಎರಡೂವರೆ ಕ್ವಿಂಟಲ್ ಆಸುಪಾಸು. ವಿಂಚ್ ಕೈಯದೇ ಇರಲಿ, ನೀರು ಏರುವ ಹೊತ್ತಿಗೆ ದಂಡೆಯ ಕರೆಂಟ್ ತೆಗೆದಿರುತ್ತಾರೆ. ಎಲ್ಲಕ್ಕಿಂತ ಕೆಳಗಿನ ತುಂಡಿನ ಜೋಡಣೆ ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ದಂಡೆಗೆ ಬಂದವರಿಗೆ ತೋರಿಸುತ್ತೇನೆ.

ಗಾಡಿಯಷ್ಟೇ ಮುಖ್ಯವಾದದ್ದು ಯಾವಾಗ ಎಳೆಯಬೇಕೆಂಬ ಲೆಕ್ಕ. ಕಲ್ಲೋಳ–ಯಡೂರು ಸೇತುವೆ ಮುಳುಗಿತು ಎಂದ ಮೇಲೆ ಹೊರಟರೆ ತಡ. ಮೇಲೆ ಮಹಾರಾಷ್ಟ್ರದಲ್ಲಿರುವ ಕೊಯ್ನಾ ಅಣೆಕಟ್ಟಿನ ಸುದ್ದಿಯಲ್ಲಿ ಬುಡದ ವಿದ್ಯುತ್ ಮನೆಯಿಂದ ಬಿಡುವ 2,100 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ ನೀರು) ಕಂಡು ಗಾಬರಿಯಾಗಬೇಡಿ. ಅಣೆಕಟ್ಟಿನ ಆರು ಬಾಗಿಲುಗಳನ್ನು ಎಷ್ಟು ಅಡಿ ಎತ್ತಿದರು ಎಂಬುದನ್ನು ನೋಡಿ. ನನ್ನ ಅಂದಾಜಿಗೆ ಆ ನೀರು ನಮ್ಮ ದಂಡೆ ಮುಟ್ಟಲು ಒಂದೂವರೆ-ಎರಡು ದಿನ. ಕೊಲ್ಹಾಪುರದ ಕಡೆಯ ರಾಧಾನಗರಿ ಅಣೆಕಟ್ಟಿನ ಬಾಗಿಲುಗಳು ತಾವಾಗಿ ತೆರೆದುಕೊಳ್ಳುವಂಥವು. ಅವು ತೆರೆದರೆ ಪಂಚಗಂಗೆ ಏರಿ ನರಸೋಬವಾಡಿಯಲ್ಲಿ ಕೃಷ್ಣೆಗೆ ಕೂಡುತ್ತದೆ. ಕೊನೆಗೆ ಕೃಷ್ಣೆಯ ಮೇಲಿನ ರಾಜಾಪುರ ಬ್ಯಾರೇಜಿನ ಅಂಕಿಗೆ ದೂಧಗಂಗೆಯದನ್ನು ಕೂಡಿಸಿದರೆ ನಮ್ಮ ಪಾಲಿನ ನೀರು ಸಿಗುತ್ತದೆ. ಮೊತ್ತ ಲಕ್ಷ ಕ್ಯೂಸೆಕ್ ಹತ್ತಿರ ಬಂತೆಂದರೆ ನಾನು ಮೊದಲ ಟೀಯಿಂದ ಹೋಸ್ ಬಿಚ್ಚುತ್ತೇನೆ. ನಿಮ್ಮ ದಂಡೆಯ ಎತ್ತರ ಬೇರೆ, ನಿಮ್ಮ ಅಂಕಿಯೂ ಬೇರೆಯಾಗುತ್ತದೆ.

ನಾನು ಯೋಚಿಸದೇ ಇದ್ದ ಲಾಭ ಬೇಸಿಗೆಯಲ್ಲಿ ಸಿಕ್ಕಿತು. ಏಪ್ರಿಲ್-ಮೇನಲ್ಲಿ ಹೊಳೆ ತಳ ಕಂಡಾಗ ಉಳಿದವರ ಸಕ್ಷನ್ ಪೈಪು ನೀರು ಸಿಗದೆ ಗಾಳಿ ಎಳೆಯುತ್ತದೆ. ನನ್ನ ಗಾಡಿ ನೀರಿನ ಬೆನ್ನು ಹತ್ತಿ ಕೆಳಗಿಳಿಯುತ್ತದೆ.

ಕಬ್ಬಿನಲ್ಲೂ ಒಂದು ಪ್ರಯೋಗ ಮಾಡಿದ್ದೇನೆ. ನೀರು ಇಳಿದ ಕೂಡಲೇ ಬೇರೆ ಮೋಟಾರುಗಳು ಇನ್ನೂ ಮನೆಯ ಕಟ್ಟೆಯ ಮೇಲಿದ್ದಾಗ ನನ್ನದು ಓಡುತ್ತಿತ್ತಲ್ಲ, ಆ ನೀರಿನಿಂದಲೇ ಸ್ಪ್ರೇಯರ್ ಹಚ್ಚಿ ಸುಳಿಯೊಳಗಿನ ರೊಜ್ಜು ತೊಳೆಸಿದೆ. ಸುಳಿ ಪೂರ್ತಿ ಮುಳುಗಿ ದಿನಗಟ್ಟಲೆ ನಿಂತ ಸಾಲುಗಳು ಕೊಳೆತೇ ಹೋದವು, ತೊಳೆದದ್ದು ವ್ಯರ್ಥ. ಸುಳಿಯ ಅಂಚಿಗೆ ನೀರು ಬಂದು ಹೋದ ಸಾಲುಗಳು ಹಸಿರಾದವು. ಎಕರೆಗೆ ಹತ್ತು-ಹನ್ನೆರಡು ಟನ್ ಉಳಿಯಿತೆಂದು ನನ್ನ ಲೆಕ್ಕ. ಅರ್ಧ ಎಕರೆಯಷ್ಟನ್ನು ಬೇಕೆಂದೇ ತೊಳೆಯದೆ ಬಿಟ್ಟು ಹೋಲಿಸಿದ್ದೇನೆ.

ಹಳಿ, ಗಾಡಿ, ವಿಂಚ್, ಜಾಳಿಗೆ, ವೆಲ್ಡಿಂಗ್ ಎಲ್ಲ ಕೂಡಿ 85–90 ಸಾವಿರ ಆಯಿತು. ಕಲ್ಲು ಹೊಲದ್ದೇ. ಮಾಡಿಸುವವರು ಮೇ ತಿಂಗಳಲ್ಲಿ ಹೊಳೆ ತಳಕ್ಕಿದ್ದಾಗ ಅಳತೆ ತೆಗೆಯಿರಿ, ಮಿರಗದ (ಮೃಗಶಿರಾ) ಮಳೆಗೆ ಮೊದಲು ಗಾಡಿಯನ್ನು ಒಮ್ಮೆ ಖಾಲಿ ಎಳೆದು ನೋಡಿ. ವೆಲ್ಡರ್ ಆಚೆ ದಡದವನಾದರೆ ಎರಡು ತುಂಡು ಹಳಿ, ಒಂದು ಹಿಡಿ ಬೋಲ್ಟ್ ಹೆಚ್ಚಿಗೆ ಮಾಡಿಸಿಟ್ಟುಕೊಳ್ಳಿ. ಸೇತುವೆ ಮುಳುಗಿದ ಮೇಲೆ ಅವನು ಬರಲಾರ.