ಇಟ್ಟಿಗೆ ಕಾರ್ಖಾನೆಯ ಕೆಸರುನೀರು ಹೊಳೆ ಸೇರದಂತೆ ತಡೆಯುವ ಬಗೆ

ಕೊಡಗಿನಲ್ಲಿ ಮಳೆಯನ್ನು ಇಂದಿಗೂ ಇಂಚಿನಲ್ಲೇ ಹೇಳುವುದರಿಂದ ಲೆಕ್ಕವನ್ನು ಅಲ್ಲಿಂದಲೇ ಆರಂಭಿಸೋಣ. ಒಂದು ಎಕರೆ ಅಂಗಳದ ಮೇಲೆ ಒಂದು ಇಂಚು ಮಳೆ ಸುರಿದರೆ ಸುಮಾರು 1 ಲಕ್ಷ 3 ಸಾವಿರ ಲೀಟರ್ ನೀರು ಬೀಳುತ್ತದೆ. ಲಾರಿ ಓಡಾಡಿ ಗಟ್ಟಿಯಾದ ನೆಲ ಅದರಲ್ಲಿ ಸ್ವಲ್ಪವನ್ನಷ್ಟೇ ಹೀರಿಕೊಳ್ಳುತ್ತದೆ. ಉಳಿದದ್ದು ಜೇಡಿಮಣ್ಣು, ಬೂದಿ, ಡೀಸೆಲ್ ಸಮೇತ ಪಕ್ಕದ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಇಳಿದು, ಕುಶಾಲನಗರದ ಸುತ್ತಿನಲ್ಲಾದರೆ ಹಾರಂಗಿಯನ್ನೋ ಕಾವೇರಿಯನ್ನೋ ಸೇರುತ್ತದೆ.

ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ದಿನವೇ ಕೊಡೆ ಹಿಡಿದು ಅಂಗಳವನ್ನು ಒಂದು ಸುತ್ತು ಬಂದು, ನೀರು ಎಲ್ಲಿಂದ ಒಳಬರುತ್ತದೆ, ಎಲ್ಲಿ ಕೆಂಪಾಗುತ್ತದೆ, ಎಲ್ಲಿಂದ ಹೊರಬೀಳುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಬೇಕು. ಹೆಚ್ಚಿನವರು ಗೇಟಿನ ಬಳಿ ಒಂದು ದೊಡ್ಡ ಗುಂಡಿ ತೋಡಿಸಿ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಮೊದಲು, ಮೇಲಿನ ತೋಟದಿಂದ ಇಳಿದುಬರುವ ತಿಳಿನೀರನ್ನು ಅಂಗಳದ ಮೇಲಂಚಿನಲ್ಲೇ ಚರಂಡಿ ತೆಗೆದು ಹೊರಗೆ ತಿರುಗಿಸಬೇಕು. ಶೆಡ್ಡಿನ ಮಾಡಿನ ನೀರನ್ನು ದಂಬೆ (ಮಾಡಿನ ಅಂಚಿನ ನೀರುಕಾಲುವೆ) ಕಟ್ಟಿ ಟ್ಯಾಂಕಿಗೆ ಒಯ್ಯಬೇಕು. ತಿಳಿನೀರು ಕೆಸರಿಗೆ ಸೇರದಷ್ಟೂ ಮುಂದಿನ ಗುಂಡಿ ಚಿಕ್ಕದಾಗುತ್ತದೆ, ಖರ್ಚೂ ಇಳಿಯುತ್ತದೆ.

ಮಣ್ಣಿನ ರಾಶಿಯನ್ನು ತೋಡಿನಿಂದ ದೂರವಿಟ್ಟು, ಟಾರ್ಪಾಲ್ ಹೊದಿಸಿ, ಬುಡದಲ್ಲಿ ಮಣ್ಣು ತುಂಬಿದ ಚೀಲಗಳ ಸಾಲು ಇಡಬೇಕು. ಸೌದೆ ಬೂದಿ ನೀರನ್ನು ಕ್ಷಾರಮಯವಾಗಿಸುವುದರಿಂದ ಅದಕ್ಕೂ ಡೀಸೆಲ್ ಬ್ಯಾರೆಲ್‌ಗಳಿಗೂ ಮಾಡಿನ ಕೆಳಗೇ ಜಾಗ ಬೇಕು. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದನ್ನು ಕಂಡವರು ಆ ಜಾಗವನ್ನು ಎತ್ತರದಲ್ಲೇ ಆರಿಸುತ್ತಾರೆ.

ಇನ್ನು ಕೆಸರುನೀರನ್ನು ನಿಲ್ಲಿಸಿ ಮಣ್ಣು ತಳ ಸೇರುವಂತೆ ಮಾಡುವ ಹೂಳುಗುಂಡಿ. ಒಂದು ಎಕರೆ ಕೆಸರು ಅಂಗಳ, ದಿನಕ್ಕೆ 2 ಇಂಚು ಮಳೆ, ಅದರಲ್ಲಿ ಮೂರನೇ ಎರಡು ಭಾಗ ಹರಿದುಬರುತ್ತದೆ ಎಂದು ಹಿಡಿದರೆ ಸುಮಾರು 1 ಲಕ್ಷ 37 ಸಾವಿರ ಲೀಟರ್ ಆಗುತ್ತದೆ. 15 ಮೀಟರ್ ಉದ್ದ, 5 ಮೀಟರ್ ಅಗಲ, 2 ಮೀಟರ್ ಆಳದ ಗುಂಡಿಯಲ್ಲಿ ಇಷ್ಟು ನಿಲ್ಲುತ್ತದೆ. ನೀರು ಒಂದು ತುದಿಯಲ್ಲಿ ಒಳಬಂದು ಇನ್ನೊಂದು ತುದಿಯಲ್ಲಿ ಹೊರಹೋಗಬೇಕು. ಹೊರಕೊಳವೆಯ ಬಾಯನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಬಗ್ಗಿಸಿದರೆ ತೇಲುವ ಎಣ್ಣೆ ಒಳಗೇ ಉಳಿಯುತ್ತದೆ. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳ) ಜಡಿಮಳೆಯನ್ನು ಯಾವ ಗುಂಡಿಯೂ ಪೂರ್ತಿ ಹಿಡಿಯಲಾರದು, ಹೀಗಾಗಿ ಏರಿ ಒಡೆಯದಂತೆ ಕಲ್ಲು ಕಟ್ಟಿದ ಕೋಡಿ ಅಗತ್ಯ. ಕಡಿದು ಸಮ ಮಾಡಿದ ಇಳಿಜಾರಿನ ನೆತ್ತಿಯಲ್ಲಿ ಮಾತ್ರ ಗುಂಡಿ ತೋಡಲೇಬಾರದು, ಏಕೆಂದರೆ ಇಂಗಿದ ನೀರು ಬರೆಯನ್ನೇ, ಅಂದರೆ ಕಡಿದ ಇಳಿಜಾರನ್ನೇ, ಜಾರಿಸಬಹುದು. ಕಾರ್ಮಿಕರ ಮಕ್ಕಳು ಅಂಗಳದಲ್ಲೇ ಆಡುವುದರಿಂದ ಸುತ್ತ ಗಟ್ಟಿ ಬೇಲಿ ಬೇಕು.

ಮರಳು ಕ್ಷಣಗಳಲ್ಲಿ ತಳ ಸೇರುತ್ತದೆ. ಜೇಡಿಯ ಕಣ ಹಾಗಲ್ಲ. ಎರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಎರಡು ಭಾಗ) ಗಾತ್ರದ ಕಣ 10 ಸೆಂಟಿಮೀಟರ್ ಇಳಿಯಲು ಸುಮಾರು ಎಂಟು ಗಂಟೆ ಹಿಡಿಯುತ್ತದೆ, ಅದೂ ನಿಂತ ನೀರಿನಲ್ಲಿ. ಗುಂಡಿಯ ನೀರನ್ನು ಗಾಜಿನ ಬಾಟಲಿಗೆ ತುಂಬಿ ರಾತ್ರಿಯಿಡೀ ಬಿಟ್ಟರೂ ಬೆಳಗ್ಗೆ ಚಹಾದಂತೆಯೇ ಕಂಡರೆ ಪಟಿಕ ಬೇಕೆಂದು ತಿಳಿಯಬೇಕು. ಒಂದು ಲೀಟರ್ ನೀರಿನಲ್ಲಿ 10 ಗ್ರಾಂ ಪಟಿಕ ಕರಗಿಸಿ, ಒಂದೊಂದು ಲೀಟರ್ ಕೆಸರುನೀರಿರುವ ಐದು ಬಾಟಲಿಗಳಿಗೆ ಕ್ರಮವಾಗಿ 2, 4, 6, 8, 10 ಮಿಲಿಲೀಟರ್ ಹಾಕಿ, ಕಲಕಿ, ಅರ್ಧ ಗಂಟೆ ಬಿಡಿ. ಯಾವ ಬಾಟಲಿಯಲ್ಲಿ ಅತಿ ಕಡಿಮೆ ಪಟಿಕಕ್ಕೆ ನೀರು ತಿಳಿಯಾಗುತ್ತದೆಯೋ ಅದೇ ಅಳತೆ. ಆ ಬಾಟಲಿಗೆ ಹಾಕಿದ ಪ್ರತಿ ಮಿಲಿಲೀಟರಿಗೆ, ಗುಂಡಿಯ ಪ್ರತಿ ಲಕ್ಷ ಲೀಟರ್ ನೀರಿಗೆ ಒಂದು ಕಿಲೋ ಪಟಿಕ ಎಂದು ಲೆಕ್ಕ. ಪಟಿಕ ನೀರನ್ನು ಆಮ್ಲೀಯವಾಗಿಸುವುದರಿಂದ ಬಿಡುವ ಮುನ್ನ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ನೋಡಬೇಕು.

ಹೊಳೆ ತೋಡುಗಳಿಗೆ ಬಿಡುವ ನೀರಿನಲ್ಲಿ ತೇಲುಕಣ (ನೀರಿನಲ್ಲಿ ಕರಗದೆ ಬೆರೆತು ನಿಂತ ಕಣ) ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ ಜಿಡ್ಡು 10 ಮಿಲಿಗ್ರಾಂ ಮೀರಬಾರದು, ಪಿಎಚ್ 5.5ರಿಂದ 9ರೊಳಗಿರಬೇಕು ಎಂಬುದು ದೇಶದ ಸಾಮಾನ್ಯ ಮಾನದಂಡ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಷರತ್ತಿದ್ದರೆ ಅದನ್ನೇ ಪಾಲಿಸಬೇಕು. ತಿಳಿಯಾದ ನೀರನ್ನು ಮಣ್ಣು ಕಲಸಲು ಬಳಸಿದರೆ ಹೊರಬಿಡುವ ಪ್ರಮಾಣವೇ ತಗ್ಗುತ್ತದೆ.

ಗುಂಡಿಯ ಮೂರನೇ ಒಂದು ಭಾಗ ಹೂಳು ತುಂಬಿತೆಂದರೆ ತೆಗೆಸಬೇಕು, ಮಳೆಗಾಲದ ನಡುವೆಯಾದರೂ ಸರಿ. ಆ ಹೂಳು ದುಡ್ಡು ಕೊಟ್ಟು ತರಿಸಿದ ಜೇಡಿಯೇ. ಒಣಗಿಸಿ ಮತ್ತೆ ಕಲಸಿದರೆ ಇಟ್ಟಿಗೆಯಾಗುತ್ತದೆ. ಎಣ್ಣೆ ಸೇರಿದ ಹೂಳನ್ನು ಮಾತ್ರ ಬೇರೆಯೇ ಇಡಬೇಕು.