ಕಫದಲ್ಲಿ ಬಂದ ಬೂಷ್ಟನ್ನು ಎಸೆಯುವುದು ಬಿಟ್ಟ ಮೇಲೆ

‘ಅದು ಕಂಟ್ಯಾಮಿನೇಷನ್, ಬಿಡಿ ಡಾಕ್ಟರೇ.’ 2020ರ ಸೆಪ್ಟೆಂಬರಿನಿಂದ ಸುಮಾರು ಎರಡೂವರೆ ವರ್ಷ ನಾನು ಕೇಳುತ್ತಾ ಬಂದ ಮಾತು ಇದು. ಹೇಳಿದವರು ನನಗಿಂತ ಹಿರಿಯರು, ಅನುಭವಸ್ಥರು, ನನಗೆ ಕೆಲಸ ಕಲಿಸಿದವರು. ಮೊದಮೊದಲು ನಾನೂ ಹಾಗೆಯೇ ಅಂದುಕೊಂಡಿದ್ದೆ. ವೆಂಟಿಲೇಟರಿನಲ್ಲಿ ಹತ್ತು ದಿನ ಕಳೆದ ಕೋವಿಡ್ ರೋಗಿಯ ಟ್ಯೂಬಿನಿಂದ ಎಳೆದ ಕಫವನ್ನು ಲ್ಯಾಬಿನ ಪ್ಲೇಟಿನಲ್ಲಿ ಇಟ್ಟಾಗ ಬೂಷ್ಟು ಬೆಳೆದರೆ ಅದು ಗಾಳಿಯಿಂದ ಬಿದ್ದದ್ದು, ಪ್ಲೇಟು ಎಸೆಯಿರಿ ಎಂಬುದು ನಮ್ಮೆಲ್ಲರ ರೂಢಿ.

ಹಾಗೆ ಎಸೆದ ಒಂದು ಪ್ಲೇಟು ಇಂದಿಗೂ ಕಣ್ಣ ಮುಂದೆ ಇದೆ. ಐವತ್ತರ ಆಸುಪಾಸಿನ ರೈತ, ಮಧುಮೇಹ ಬಿಟ್ಟರೆ ಬೇರೆ ಕಾಯಿಲೆ ಇರಲಿಲ್ಲ. ಎಂಟನೇ ದಿನದ ಹೊತ್ತಿಗೆ ವೆಂಟಿಲೇಟರಿನಿಂದ ಕೊಡುವ ಆಮ್ಲಜನಕವನ್ನು 45 ಶೇಕಡಕ್ಕೆ ಇಳಿಸಿದ್ದೆವು, ಇನ್ನೆರಡು ದಿನದಲ್ಲಿ ಟ್ಯೂಬು ತೆಗೆಯುವ ಮಾತು ನಡೆದಿತ್ತು. ಹತ್ತನೇ ದಿನ ಮತ್ತೆ ನೂರಕ್ಕೆ ಏರಿತು. ಜ್ವರ ಇರಲಿಲ್ಲ, ಕಫದಲ್ಲಿ ಸ್ವಲ್ಪ ರಕ್ತ ಮಾತ್ರ. ಆಂಟಿಬಯೋಟಿಕ್ ಎರಡು ಸಲ ಬದಲಾಯಿಸಿದೆವು. ಹದಿಮೂರನೇ ದಿನ ಅವರು ತೀರಿಕೊಂಡರು. ಮಾರನೇ ದಿನ ಲ್ಯಾಬಿನಿಂದ ಫೋನ್ ಬಂತು. ಮೈಕ್ರೋಬಯಾಲಜಿ ಮೇಡಂ, ‘ಹಳದಿ ಹಸಿರು ಬೂಷ್ಟು ಇಡೀ ಪ್ಲೇಟು ತುಂಬಿದೆ, ಗಾಳಿಯಿಂದ ಬಿದ್ದದ್ದಾದರೆ ಒಂದೆರಡು ಚುಕ್ಕೆ ಇರಬೇಕಿತ್ತು’ ಎಂದರು. ಆಸ್ಪರ್ಜಿಲ್ಲಸ್ ಫ್ಲೇವಸ್. ನಮ್ಮ ಕಡೆ ಮೆಕ್ಕೆಜೋಳದ ರಾಶಿಯ ಮೇಲೆ ಕೂರುವ ಅದೇ ಬೂಷ್ಟು.

ಆಗ ಓದಲು ಕುಳಿತೆ. ಫ್ಲೂ ರೋಗಿಗಳ ವಿಷಯದಲ್ಲಿ ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್‌ನ ಏಳು ಐಸಿಯುಗಳ ಲೆಕ್ಕ 2018ರಲ್ಲೇ ಬಂದಿತ್ತು. 432 ಜನರಲ್ಲಿ 83 ಜನಕ್ಕೆ ಶ್ವಾಸಕೋಶದ ಆಸ್ಪರ್ಜಿಲ್ಲಸ್, ಅಂದರೆ ನೂರಕ್ಕೆ ಹತ್ತೊಂಬತ್ತು. ತೊಂಬತ್ತು ದಿನದೊಳಗೆ ಸತ್ತವರು ಈ ಗುಂಪಿನಲ್ಲಿ ನೂರಕ್ಕೆ 51, ಉಳಿದ ಫ್ಲೂ ರೋಗಿಗಳಲ್ಲಿ 28. ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಾವು ಎಷ್ಟು ಪ್ಲೇಟು ಎಸೆದಿದ್ದೇವೆ ಎಂದು ಲೆಕ್ಕ ಹಾಕುತ್ತಾ ಮಲಗಿದ್ದೆ.

ಅಲ್ಲಿಂದ ಇನ್ನೊಂದು ತುದಿಗೆ ಹೋದೆ. ಅದೂ ತಪ್ಪಾಯಿತು. ಮುಂದಿನ ಎರಡು ತಿಂಗಳು ಕಫದಲ್ಲಿ ಬೂಷ್ಟಿನ ಒಂದು ಎಳೆ ಕಂಡರೂ ವೊರಿಕೊನಜೋಲ್ ಎಂಬ ಶಿಲೀಂಧ್ರದ ಔಷಧ ಶುರು ಮಾಡಿದೆ. ಕ್ಯಾಂಡಿಡಾ ಎಂಬ ಬೇರೆ ಶಿಲೀಂಧ್ರ ಬೆಳೆದ ಇಬ್ಬರಿಗೂ ಔಷಧ ಕೊಟ್ಟುಬಿಟ್ಟೆ. ಶ್ವಾಸನಾಳದ ಕ್ಯಾಂಡಿಡಾ ಬಹುಪಾಲು ಅಲ್ಲಿ ಸುಮ್ಮನೆ ವಾಸ ಮಾಡುವುದೆಂದು ಗೊತ್ತಿದ್ದೂ ಹೆದರಿಕೆಯಲ್ಲಿ ಕೊಟ್ಟೆ. ಏಳೆಂಟು ಜನರಲ್ಲಿ ಮೂವರಿಗೆ ಲಿವರ್ ಎನ್‌ಜೈಮುಗಳು ನಾಲ್ಕೈದು ಪಟ್ಟು ಏರಿದವು. ಅರವತ್ತು ಕಿಲೋ ತೂಕದವರಿಗೆ ಮೊದಲ ದಿನ ನಾಲ್ಕು ವಯಲ್, ಆಮೇಲೆ ದಿನಕ್ಕೆ ಮೂರು. ಕಂಪನಿಗೊಂದು ಬೆಲೆ, ಆದರೆ ಆಗ ದಿನಕ್ಕೆ ಐದಾರು ಸಾವಿರ ಆಗುತ್ತಿತ್ತೆಂದು ನೆನಪು. ಒಬ್ಬ ಹೆಣ್ಣುಮಗಳು ಬಿಲ್ ಕೌಂಟರಿನಿಂದ ನೇರ ನನ್ನ ಬಳಿ ಬಂದು, ಕರಿಮಣಿ ಮಾತ್ರ ಉಳಿದ ಕೊರಳನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಾ, ‘ಇನ್ನೆಷ್ಟು ದಿನ ಸರ್ ಈ ಔಷಧ?’ ಎಂದು ಕೇಳಿದರು. ಆಕೆಯ ಗಂಡನಿಗೆ ಆ ಔಷಧ ಬೇಕೇ ಇರಲಿಲ್ಲ ಎಂದು ನಾಲ್ಕು ದಿನದ ಮೇಲೆ ನನಗೆ ಖಚಿತವಾಯಿತು. ಆ ಹಣವನ್ನು ನಾನು ಯಾರಿಗೂ ಹಿಂದಿರುಗಿಸಲಾರೆ.

ಹಾಗಾಗಿ ನನಗೆ ಬೇಕಾಗಿದ್ದದ್ದು ಎರಡು: ಬೂಷ್ಟನ್ನು ಬೇಗ ಹಿಡಿಯಬೇಕು, ಬೂಷ್ಟು ಇಲ್ಲವೆಂದಾದರೆ ಔಷಧವನ್ನು ಧೈರ್ಯವಾಗಿ ನಿಲ್ಲಿಸಬೇಕು.

ಸಿಟಿ ಸ್ಕ್ಯಾನಿನಿಂದ ಸಹಾಯವಾಗಲಿಲ್ಲ. ವೈರಸ್ಸಿನಿಂದಲೇ ಬೆಳ್ಳಗಾದ ಶ್ವಾಸಕೋಶದಲ್ಲಿ ಬೂಷ್ಟಿನ ಗುರುತು ಹುಡುಕುವುದು ಮಂಜಿನಲ್ಲಿ ಹೊಗೆ ಹುಡುಕಿದ ಹಾಗೆ. ಲ್ಯುಕೇಮಿಯಾ ರೋಗಿಗಳಲ್ಲಿ ಬೂಷ್ಟಿನ ಗಂಟಿನ ಸುತ್ತ ಕಾಣುವ ಮಸುಕು ವರ್ತುಲ (ಹಾಲೋ) ಇವರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಗ್ಯಾಲಕ್ಟೋಮ್ಯಾನನ್ ಎಂಬ, ಬೂಷ್ಟಿನ ಗೋಡೆಯಿಂದ ಬಿಡುಗಡೆಯಾಗುವ ಅಂಶವನ್ನು ಹುಡುಕಲು ರಕ್ತವನ್ನು ಬೆಂಗಳೂರಿಗೆ ಕಳುಹಿಸುತ್ತಿದ್ದೆವು. ಒಂದು ಪರೀಕ್ಷೆಗೆ ನಾಲ್ಕು ಸಾವಿರದ ಮೇಲೆ, ಉತ್ತರ ಬರಲು ನಾಲ್ಕರಿಂದ ಆರು ದಿನ, ಮತ್ತು ಬಹುತೇಕ ಸಲ ನೆಗೆಟಿವ್. ಬಿಳಿರಕ್ತಕಣ ಸರಿಯಿರುವ ರೋಗಿಯಲ್ಲಿ ರಕ್ತಕ್ಕೆ ಅದು ಸುಲಭವಾಗಿ ಬರುವುದಿಲ್ಲ, ಕಾಯಿಲೆ ಶ್ವಾಸನಾಳದಲ್ಲೇ ಕುಳಿತಿರುತ್ತದೆ. ನೆಗೆಟಿವ್ ಉತ್ತರ ನೋಡಿ ನಾವು ಸುಮ್ಮನಾಗಿ ಇಬ್ಬರನ್ನು ಕಳೆದುಕೊಂಡೆವು.

ಶ್ವಾಸನಾಳದೊಳಗೆ ಕ್ಯಾಮೆರಾ ಇಳಿಸಿ ನೋಡುವ ಬ್ರಾಂಕೋಸ್ಕೋಪಿಗೆ ಆಗ ಯಾರೂ ಮುಂದೆ ಬರುತ್ತಿರಲಿಲ್ಲ, ಅದು ಸಹಜವೇ ಆಗಿತ್ತು. ಪಿಪಿಇ ತೊಟ್ಟರೂ ಮುಖದ ಮುಂದೆ ವೈರಸ್ಸು ಹಾರುವ ಕೆಲಸ ಅದು. 2020ರ ಡಿಸೆಂಬರಿನಲ್ಲಿ ಬಂದ ಕೋವಿಡ್ ರೋಗಿಗಳಲ್ಲಿ ಆಸ್ಪರ್ಜಿಲ್ಲಸ್ ಗುರುತಿಸುವ ಅಂತರರಾಷ್ಟ್ರೀಯ ಒಮ್ಮತದ ಮಾನದಂಡದಲ್ಲಿ ಸ್ಕೋಪಿಲ್ಲದೆ ತೆಗೆದ ಲವಾಜಿಗೂ (ಶ್ವಾಸಕೋಶವನ್ನು ಸಲೈನಿನಿಂದ ತೊಳೆದು ಎಳೆದ ನೀರಿಗೂ) ಜಾಗ ಕೊಟ್ಟಿದ್ದರು. ಅದನ್ನು ‘ಪಾಸಿಬಲ್’ ಎಂಬ ಕೆಳಗಿನ ಮೆಟ್ಟಿಲಲ್ಲಿ ಇಟ್ಟಿದ್ದರೂ ನನಗೆ ಅಷ್ಟೇ ಸಾಕಾಗಿತ್ತು.

ಕಫ ಎಳೆಯಲು ಟ್ಯೂಬಿಗೆ ಜೋಡಿಸಿರುವ ಮುಚ್ಚಿದ ವ್ಯವಸ್ಥೆಯನ್ನು (ಕ್ಲೋಸ್ಡ್ ಸಕ್ಷನ್) ಬಿಚ್ಚದೆ, ಅದರ ಮೂಲಕವೇ ಕ್ಯಾತಿಟರೆಂಬ ತೆಳು ನಳಿಕೆಯನ್ನು ತಡೆ ಸಿಗುವವರೆಗೆ ಇಳಿಸಿ ಸಲೈನ್ ಬಿಟ್ಟು ಎಳೆಯುವುದೇ ಕೆಲಸ. ಆದರೆ ಮೊದಲ ಹದಿನೈದು ಮಾದರಿಗಳು ದಂಡವಾದವು. ಹತ್ತು ಮಿಲಿ ಬಿಟ್ಟರೆ ಒಂದೂವರೆ ಮಿಲಿ ವಾಪಸ್ ಬರುತ್ತಿತ್ತು, ಅದೂ ಟ್ಯೂಬಿನ ಗೋಡೆಯ ಕಫ. ಇಪ್ಪತ್ತು ಮಿಲಿಯಂತೆ ಎರಡು ಸಲ ಬಿಟ್ಟು, ಮೊದಲ ಎಳೆತವನ್ನು ಬೇರೆ ಡಬ್ಬಿಗೆ ಹಾಕಿ ಎರಡನೆಯದನ್ನು ಮಾತ್ರ ಕಳುಹಿಸಲು ಶುರು ಮಾಡಿದ ಮೇಲೆ ಎಂಟು ಹತ್ತು ಮಿಲಿ ಸಿಗತೊಡಗಿತು. ಬೋರಲು ಮಲಗಿಸಿದ ರೋಗಿಯಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ. ಇದನ್ನು ನಾನು ಬೇಕೆಂದೇ ಆರು ಜನರಲ್ಲಿ ಎರಡೂ ಭಂಗಿಯಲ್ಲಿ ಮಾಡಿ ನೋಡಿದೆ, ಐವರಲ್ಲಿ ಬೋರಲಲ್ಲೇ ಹೆಚ್ಚು. ಕುರುಡಾಗಿ ಇಳಿಸಿದ ಕ್ಯಾತಿಟರ್ ಸಾಮಾನ್ಯವಾಗಿ ಬಲ ಶ್ವಾಸಕೋಶದ ಕಡೆಗೇ ಹೋಗುತ್ತದೆ. ಅದನ್ನು ಎಡಕ್ಕೆ ತಿರುಗಿಸಲು ನಮ್ಮ ಸಿಸ್ಟರ್ ಒಬ್ಬರು ಒಂದು ಉಪಾಯ ಕಂಡುಹಿಡಿದಿದ್ದಾರೆ. ಅದು ಬರೆದು ಕಲಿಸುವಂಥದ್ದಲ್ಲ, ಬಂದವರಿಗೆ ಕೈಹಿಡಿದು ತೋರಿಸುತ್ತೇವೆ.

ಮಾದರಿ ಲ್ಯಾಬಿಗೆ ಹೋಗುವುದು ತಡವಾದರೆ ಎಲ್ಲವೂ ಹಾಳು. ರಾತ್ರಿ ಹತ್ತಕ್ಕೆ ತೆಗೆದದ್ದು ಬೆಳಿಗ್ಗೆ ಒಂಬತ್ತರವರೆಗೆ ಟ್ರೇಯಲ್ಲೇ ಉಳಿದು, ಬ್ಯಾಕ್ಟೀರಿಯಾ ತುಂಬಿಕೊಂಡು ಬೂಷ್ಟು ಏಳಲೇ ಇಲ್ಲ. ಆ ಮೇಲೆ ಸಂಜೆ ನಾಲ್ಕರೊಳಗೇ ತೆಗೆಯುವ ನಿಯಮ ಮಾಡಿದೆವು. ಮೇಡಂ ಮಾದರಿಯನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನೇ ನೋಡುತ್ತಾರೆ. ತಳದಲ್ಲಿ ಕೆಲವೊಮ್ಮೆ ಸಾಸಿವೆ ಕಾಳಿಗಿಂತ ಚಿಕ್ಕ ಕಂದು ಕಣಗಳಿರುತ್ತವೆ. ಬೂಷ್ಟು ಇರುವುದೇ ಆ ಕಣಗಳಲ್ಲಿ. ಉಳಿದ ಲೋಳೆಯನ್ನೆಲ್ಲ ಗಂಟೆಗಟ್ಟಲೆ ನೋಡಿದರೂ ಸಿಗುವುದಿಲ್ಲ. ಕಣವನ್ನು ಸೂಜಿಯಿಂದ ಎತ್ತಿ, ಲೋಳೆ ಕರಗಿಸುವ ಕೆಓಎಚ್ (ಪೊಟ್ಯಾಶಿಯಂ ಹೈಡ್ರಾಕ್ಸೈಡ್) ಹನಿಯಲ್ಲಿಟ್ಟು, ಕವರ್ ಸ್ಲಿಪ್ ಮೇಲೆ ಮೆಲ್ಲಗೆ ಒತ್ತಿ ಇಪ್ಪತ್ತು ನಿಮಿಷ ಬಿಡಬೇಕು. ಫ್ಲೋರೊಸೆಂಟ್ ಮೈಕ್ರೋಸ್ಕೋಪ್ ನಮ್ಮಲ್ಲಿಲ್ಲ, ಹಾಗಾಗಿ ಬೂಷ್ಟನ್ನು ಹೊಳೆಸುವ ಕ್ಯಾಲ್ಕೋಫ್ಲೋರ್ ಬಣ್ಣ ಬಳಸುವಂತಿಲ್ಲ. ಮೇಡಂ ಕೆಓಎಚ್‌ಗೆ ಸೇರಿಸುವ ಬಣ್ಣ ಅವರ ಸ್ವಂತದ್ದು, ಅದನ್ನು ಅವರೇ ಬರೆಯಲಿ. ಆ ಬಣ್ಣದಲ್ಲಿ ಎಳೆಗಳು ಕವೆಗೋಲಿನ ಹಾಗೆ ಕವಲೊಡೆದು, ನಡುನಡುವೆ ಅಡ್ಡಗೆರೆ ಎಳೆದುಕೊಂಡು ಎದ್ದು ಕಾಣುತ್ತವೆ. ಅಡ್ಡಗೆರೆಯಿಲ್ಲದೆ ಅಗಲವಾದ ರಿಬ್ಬನ್ನಿನಂತೆ ಕಂಡರೆ ಅದು ಮ್ಯೂಕರ್ (ಕಪ್ಪು ಶಿಲೀಂಧ್ರ ಎಂದು ಸುದ್ದಿಯಾದದ್ದು), ವೊರಿಕೊನಜೋಲಿಗೆ ಬಗ್ಗುವುದಿಲ್ಲ.

ಮ್ಯೂಕರ್ ಎಂದಾಗ 2021ರ ಮೇ ನೆನಪಾಗುತ್ತದೆ. ಇಡೀ ದೇಶ ಕಣ್ಣು, ಮೂಗು, ದವಡೆಯ ಮ್ಯೂಕರ್ ಹಿಂದೆ ಓಡುತ್ತಿತ್ತು, ಅದರ ಔಷಧ ಆಂಫೊಟೆರಿಸಿನ್ ವಯಲಿಗಾಗಿ ಜನ ಊರೂರು ಅಲೆದರು. ಅದು ನ್ಯಾಯವೇ. ಆದರೆ ವೆಂಟಿಲೇಟರಿನಲ್ಲಿದ್ದವರ ಶ್ವಾಸಕೋಶದ ಬೂಷ್ಟನ್ನು ಆ ಗದ್ದಲದಲ್ಲಿ ಕೇಳುವವರಿರಲಿಲ್ಲ. ನಾನು ಲವಾಜಿಗೆ ಕೇಳಿದರೆ ‘ಈಗ ಅದಕ್ಕೆಲ್ಲ ಹೊತ್ತೆಲ್ಲಿದೆ’ ಎಂಬ ಉತ್ತರ. ಆ ತಿಂಗಳು ನಾನು ಬರೆದಿಟ್ಟ ಪುಸ್ತಕದಲ್ಲಿ ಎರಡೇ ಲವಾಜ್ ಇವೆ.

ಅದೇ ಸಮಯದಲ್ಲಿ ಇನ್ನೊಂದು ಕೆಲಸ ಮಾಡಿದೆ. ಐಸಿಯುವಿನ ಒಂದು ಮೂಲೆಯಲ್ಲಿ ಹೊಸ ಆಮ್ಲಜನಕದ ಪೈಪಿಗಾಗಿ ಫಾಲ್ಸ್ ಸೀಲಿಂಗ್ ಬಿಚ್ಚಿದ್ದರು. ಬೂಷ್ಟು ಬೆಳೆಸುವ ಸಾಬೊರೊ ಪ್ಲೇಟುಗಳನ್ನು ಅರ್ಧ ಗಂಟೆ ಮುಚ್ಚಳ ತೆಗೆದು ಆರು ಕಡೆ ಇಟ್ಟೆ. ಏಸಿ ಬಾಯಿಯ ಕೆಳಗೆ ಎರಡೋ ಮೂರೋ ಕಾಲನಿ, ನರ್ಸಿಂಗ್ ಟೇಬಲ್ಲಿನ ಮೇಲೆ ಒಂದು, ಬಿಚ್ಚಿದ ಸೀಲಿಂಗಿನ ಕೆಳಗೆ ಮೂವತ್ತಕ್ಕೂ ಹೆಚ್ಚು. ಪ್ಲಾಸ್ಟಿಕ್ ಹಾಳೆ ಕಟ್ಟಿಸಿ, ಪೊರಕೆ ನಿಲ್ಲಿಸಿ ಒದ್ದೆ ಬಟ್ಟೆಯಿಂದಲೇ ಒರೆಸಲು ಹೇಳಿದೆ. ವಾರದ ಮೇಲೆ ಅದೇ ಜಾಗದಲ್ಲಿ ನಾಲ್ಕೈದು. ಇದರಿಂದ ಎಷ್ಟು ರೋಗಿಗಳು ಉಳಿದರೆಂದು ಹೇಳಲಾರೆ, ಆದರೆ ಆ ಹಾಳೆಯ ಖರ್ಚು ಎಂಟು ನೂರು ರೂಪಾಯಿ.

ಗ್ಯಾಲಕ್ಟೋಮ್ಯಾನನ್ ಹುಡುಕುವ ಎಲೈಜಾ ಕಿಟ್ (ಸಣ್ಣ ಬಾವಿಗಳ ತಟ್ಟೆಯಲ್ಲಿ ಮಾಡುವ ಪರೀಕ್ಷೆ) ನಾವೇ ಕೊಳ್ಳೋಣವೆಂದು ಲೆಕ್ಕ ಹಾಕಿದೆವು. ಒಂದೇ ರೋಗಿಯ ಮಾದರಿಯಿದ್ದರೂ ಹೋಲಿಕೆಗೆ ಇಡುವ ಕಂಟ್ರೋಲುಗಳ ಬಾವಿಗಳನ್ನು ಖರ್ಚು ಮಾಡಬೇಕು. ವಾರಕ್ಕೆ ಮೂರು ಮಾದರಿ ಬರುವ ನಮ್ಮಂಥವರಿಗೆ ಅದು ಹಣದ ದಂಡ, ಕೂಡಿಸಿ ಮಾಡೋಣವೆಂದರೆ ರೋಗಿ ಕಾಯುವುದಿಲ್ಲ. ಕೊನೆಗೆ ಗರ್ಭಪರೀಕ್ಷೆಯ ಪಟ್ಟಿಯಂತಿರುವ ಲ್ಯಾಟರಲ್ ಫ್ಲೋ ತರಿಸಿದೆವು. ಒಂದಕ್ಕೆ ಎರಡು ಸಾವಿರದ ಹತ್ತಿರ, ಒಂದು ಗಂಟೆಯೊಳಗೆ ಉತ್ತರ. ಆಡಳಿತದವರನ್ನು ಒಪ್ಪಿಸಲು ಮೂರು ತಿಂಗಳು ಹಿಡಿಯಿತು. ಮೊದಲ ಡಬ್ಬಿಯ ಹಣ ನಾನೂ ಮೇಡಂ ಅವರೂ ಸೇರಿ ಹಾಕಿದೆವು.

ಈಗ ನಡೆಸುವ ಕ್ರಮ ಹೀಗಿದೆ. ಫ್ಲೂ ರೋಗಿಗೆ ಟ್ಯೂಬು ಹಾಕಿದ ದಿನವೇ ಲವಾಜ್, ಏಕೆಂದರೆ ಅದರಲ್ಲಿ ಬೂಷ್ಟು ಮೊದಲ ದಿನಗಳಲ್ಲೇ ಬರುತ್ತದೆ. ಕೋವಿಡ್ ರೋಗಿಗೆ ನಾಲ್ಕನೇ ದಿನ, ಆಮೇಲೆ ವಾರಕ್ಕೆರಡು ಸಲ. ಕೆಓಎಚ್, ಪಟ್ಟಿ, ಕಲ್ಚರ್ ಮೂರರಲ್ಲಿ ಎರಡು ಹೌದೆಂದರೆ ಔಷಧ. ಒಂದೇ ಹೌದೆಂದರೆ 48 ಗಂಟೆಯಲ್ಲಿ ಇನ್ನೊಂದು ಲವಾಜ್. ರೋಗಿ ಕುಸಿಯುತ್ತಿದ್ದರೆ ಔಷಧ ಶುರು ಮಾಡಿ, ಮರುಪರೀಕ್ಷೆ ಸ್ವಚ್ಛವಾಗಿ ಬಂದ ಕೂಡಲೇ ನಿಲ್ಲಿಸುತ್ತೇನೆ. ನಿಲ್ಲಿಸುವುದನ್ನು ಕಲಿತದ್ದೇ ನನ್ನ ದೊಡ್ಡ ಗಳಿಕೆ ಎಂದುಕೊಂಡಿದ್ದೇನೆ. ಬೂಷ್ಟು ಖಚಿತವಾದರೆ, ರೋಗನಿರೋಧಕ ಶಕ್ತಿ ತಗ್ಗಿಸಿ ಅದಕ್ಕೆ ದಾರಿ ಮಾಡಿಕೊಡುವ ಸ್ಟಿರಾಯ್ಡನ್ನು ಅಂದೇ ಪರಿಶೀಲಿಸುತ್ತೇವೆ. ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ ಹತ್ತು ದಿನ ಎಂದಿದ್ದುದನ್ನು ನಮ್ಮ ಸುತ್ತಮುತ್ತ ಇನ್ನೊಂದು ಸ್ಟಿರಾಯ್ಡು ಮೀಥೈಲ್‌ಪ್ರೆಡ್ನಿಸೊಲೋನ್ 125 ಮಿಲಿಗ್ರಾಂ ದಿನಕ್ಕೆರಡು ಸಲವಾಗಿಸಿ, ಮೂರು ವಾರ ಎಳೆದು ಕಳುಹಿಸಿದ ರೋಗಿಗಳನ್ನು ಬಹಳ ನೋಡಿದ್ದೇನೆ.

ಅಂಥ ಒಬ್ಬರಲ್ಲಿ ಇನ್ನೊಂದು ಪಾಠವಾಯಿತು. ಡೋಸ್ ಪುಸ್ತಕದ ಪ್ರಕಾರವೇ ಇತ್ತು, ಆರು ದಿನವಾದರೂ ಚೇತರಿಕೆಯಿಲ್ಲ. ವೊರಿಕೊನಜೋಲಿನ ಟ್ರಫ್ (ಮುಂದಿನ ಡೋಸಿಗೆ ಮುಂಚೆ ರಕ್ತದಲ್ಲಿ ಉಳಿದಿರುವ ಔಷಧದ ಮಟ್ಟ) ನೋಡಲು ಬೆಂಗಳೂರಿಗೆ ಕಳುಹಿಸಿದರೆ ಮಿಲಿಗೆ 0.4 ಮೈಕ್ರೋಗ್ರಾಂ ಬಂತು. ಕನಿಷ್ಠ 1 ಇರಬೇಕಿತ್ತು. ದೊಡ್ಡ ಡೋಸಿನ ಸ್ಟಿರಾಯ್ಡು ಆ ಔಷಧವನ್ನು ದೇಹದಲ್ಲಿ ಬೇಗ ಖರ್ಚಾಗಿಸುತ್ತದೆ. ಜೊತೆಗೆ ಮಾತ್ರೆಯನ್ನು ಪುಡಿಮಾಡಿ, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಗಂಜಿಯ ಜೊತೆಗೇ ಕೊಡುತ್ತಿದ್ದೆವು. ಈಗ ಕೊಡುವ ಮುಂಚೆ ಒಂದು ಗಂಟೆ, ಕೊಟ್ಟ ಮೇಲೆ ಒಂದು ಗಂಟೆ ಫೀಡ್ ನಿಲ್ಲಿಸುತ್ತೇವೆ, ಐದನೇ ದಿನ ಟ್ರಫ್ ತಪ್ಪಿಸುವುದಿಲ್ಲ. ಆ ಪರೀಕ್ಷೆಯ ಹಣ ಉಳಿಸಲು ಹೋದರೆ ವಯಲುಗಳ ಹಣ ಹೋಗುತ್ತದೆ.

ಕ್ರಮ ಗಟ್ಟಿಯಾಗಿ ನಿಂತದ್ದು 2023ರ ಮಾರ್ಚಿನಲ್ಲಿ, ಎಚ್3ಎನ್2 ಫ್ಲೂ ಹಬ್ಬಿದಾಗ. ಮೆಕ್ಕೆಜೋಳದ ಗೋದಾಮಿನಲ್ಲಿ ಹಮಾಲಿ ಮಾಡುವ ನಲವತ್ತರ ಗಂಡಸು, ಆರೋಗ್ಯವಂತ, ಜ್ವರ ಬಂದ ನಾಲ್ಕನೇ ದಿನ ವೆಂಟಿಲೇಟರಿಗೆ ಬಂದ. ಸಂಜೆ ನಾಲ್ಕಕ್ಕೆ ಲವಾಜ್, ಐದೂವರೆಗೆ ಮೇಡಂ ಫೋನು, ‘ಬಂದು ನೋಡಿ, ಸ್ಲೈಡ್ ತುಂಬಾ ಇದೆ’ ಎಂದು. ಪಟ್ಟಿಯಲ್ಲಿ ಗೆರೆ ಕಡುವಾಗಿ ಮೂಡಿತ್ತು. ಏಳು ಗಂಟೆಗೆ ಮೊದಲ ಡೋಸ್ ಹೋಯಿತು. ಕಂಟ್ಯಾಮಿನೇಷನ್ ಎನ್ನುತ್ತಿದ್ದ ಹಿರಿಯರೇ ಮಾರನೇ ಬೆಳಿಗ್ಗೆ ಸ್ಕೋಪ್ ಹಾಕಿದರು. ಶ್ವಾಸನಾಳದ ಒಳಗೋಡೆಯುದ್ದಕ್ಕೂ ಸುಣ್ಣ ಬಳಿದಂತೆ ಬಿಳಿ ಪೊರೆ, ತಾಗಿದರೆ ಕಿತ್ತುಬಂದು ಕೆಳಗೆ ರಕ್ತ. ಅವರು ಸ್ಕೋಪ್ ತೆಗೆದು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆ ಸ್ಲೈಡ್ ನನಗೂ ತೋರಿಸಿ’ ಎಂದರು. ರೋಗಿ ಇಪ್ಪತ್ತಾರನೇ ದಿನ ನಡೆದುಕೊಂಡು ಮನೆಗೆ ಹೋದ, ಜೂನಿನಲ್ಲಿ ಮತ್ತೆ ಗೋದಾಮಿಗೆ ಹೋದ. ಮೂಟೆ ಹೊರಬೇಡ, ಲೆಕ್ಕ ಬರೆಯುವ ಕೆಲಸ ಕೇಳಿಕೋ, ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಹೇಳಿ ಕಳುಹಿಸಿದ್ದೇನೆ.

ಆ ಸಾಲಿನಲ್ಲಿ ಒಂಬತ್ತೋ ಹತ್ತೋ ಫ್ಲೂ ರೋಗಿಗಳಿಗೆ ಟ್ಯೂಬು ಹಾಕಿದೆವು. ಮೂವರಲ್ಲಿ ಬೂಷ್ಟು ಸಿಕ್ಕಿತು, ಇಬ್ಬರು ಉಳಿದರು. ಮೂರನೆಯವರು ಬೇರೆ ಆಸ್ಪತ್ರೆಯಲ್ಲಿ ಎಂಟು ದಿನ ಕಳೆದು ಬಂದವರು, ಬಂದ ದಿನವೇ ಕಿಡ್ನಿ ನಿಂತಿತ್ತು. ಅವರ ಸ್ಲೈಡನ್ನೂ ಅಂಚಿಗೆ ನೇಲ್ ಪಾಲಿಷ್ ಹಚ್ಚಿ ಮೇಡಂ ಇಟ್ಟಿದ್ದಾರೆ. ಕಪಾಟಿನಲ್ಲಿ ಈಗ ಏಳು ಪರೀಕ್ಷಾ ಪಟ್ಟಿಗಳು ಉಳಿದಿವೆ. ಮಳೆಗಾಲದ ಫ್ಲೂ ಶುರುವಾಗುವ ಮುಂಚೆ ಇನ್ನೊಂದು ಡಬ್ಬಿ ತರಿಸಬೇಕು. ಈ ಸಲದ ಇಂಡೆಂಟಿಗೆ ಆ ಹಿರಿಯರೇ ಸಹಿ ಹಾಕಿದ್ದಾರೆ.