ತೋಟದ ರೈಲಿಗೆ ಹಳೆಯ ಹಳಿ: ಹೊಳಪು ಬಿಡಿ, ಮಗುಚಿ ನೋಡಿ

ತೋಟದಲ್ಲಿ ಓಡಿಸುವ ಮಾದರಿ ರೈಲಿಗೆ ಹಳೆಯ ಹಳಿ ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸ ಅದನ್ನು ಬೆಳಕಿಗೆ ಹಿಡಿದು ಹೊಳಪು ನೋಡುವುದು. ಹಿತ್ತಾಳೆಯ ಹೊಳಪು ಅರ್ಧ ಗಂಟೆ ಉಜ್ಜಿದರೆ ಯಾರಿಗಾದರೂ ಬರುತ್ತದೆ. ಮುರಿದ ಸ್ಲೀಪರ್ (ಹಳಿಯ ಕೆಳಗಿನ ಅಡ್ಡಪಟ್ಟಿ), ಬಾಯಿ ಬಿಟ್ಟ ಜೋಡಣೆ ಎಷ್ಟು ಉಜ್ಜಿದರೂ ಸರಿಹೋಗುವುದಿಲ್ಲ. ನನ್ನ ಪರಿಚಯದವರೊಬ್ಬರು ಫಳಫಳ ಹೊಳೆಯುವ ಹಳಿಯನ್ನು ಪೆಟ್ಟಿಗೆಗಟ್ಟಲೆ ಹೊತ್ತು ತಂದರು. ಹೊಳೆಯುತ್ತಿದ್ದದ್ದು ಮೇಲಿನ ಲೇಪ ಮಾತ್ರ, ಒಳಗಿದ್ದದ್ದು ಮಡಿಸಿದ ತಗಡು. ಕೆಲವೇ ಮಳೆಗೆ ಸ್ಲೀಪರಿನ ಮೇಲೆಲ್ಲ ತುಕ್ಕಿನ ನೀರು ಇಳಿದಿತ್ತು.

ಹೆಜ್ಜೆ 1: ಅಳತೆ

ತೋಟದ ರೈಲಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಗೇಜ್ (ಹಳಿಗಳ ನಡುವಿನ ಅಂತರ): 45 ಮಿ.ಮೀ. ಮತ್ತು 32 ಮಿ.ಮೀ. ಎರಡು ಹಳಿಗಳ ತಲೆಯ ಒಳಮೈಗಳ ನಡುವೆ ಅಳೆಯಬೇಕು. ಅಷ್ಟಕ್ಕೇ ನಿಲ್ಲಿಸಬೇಡಿ, ಹಳಿಯ ಎತ್ತರವನ್ನೂ ಅಳೆಯಿರಿ. ಎತ್ತರವನ್ನು ‘ಕೋಡ್’ ಎನ್ನುತ್ತಾರೆ. ಅದು ಇಂಚಿನ ಸಾವಿರದ ಭಾಗಗಳ ಲೆಕ್ಕ. 1968ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಎಲ್‌ಜಿಬಿ ಹಳಿ ಕೋಡ್ 332, ಅಂದರೆ ಸುಮಾರು 8.4 ಮಿ.ಮೀ. ಪೀಕೋ ಕಂಪನಿಯ 45 ಮಿ.ಮೀ. ಹಳಿ ಕೋಡ್ 250, ಸುಮಾರು 6.4 ಮಿ.ಮೀ. ಇವೆರಡನ್ನು ಹಾಗೆಯೇ ಜೋಡಿಸಿದರೆ ನಡುವೆ 2 ಮಿ.ಮೀ. ಮೆಟ್ಟಿಲು ಉಳಿಯುತ್ತದೆ, ಚಕ್ರ ಪ್ರತಿ ಸುತ್ತಿಗೂ ಅಲ್ಲಿ ಎಡವುತ್ತದೆ.

ಹೆಜ್ಜೆ 2: ಲೋಹ

ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಹಿತ್ತಾಳೆ, ಅಲ್ಯೂಮಿನಿಯಂ, ನಿಕ್ಕಲ್ ಸಿಲ್ವರ್ ಯಾವುದಕ್ಕೂ ಅದು ಅಂಟುವುದಿಲ್ಲ. (ನಿಕ್ಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕ್ಕಲ್, ಸತುವು ಅಷ್ಟೇ. ಹೆಸರು ಕೇಳಿ ಹೆಚ್ಚು ಕೊಡಬೇಡಿ.) ಅಂಟಿದರೆ ಹಳಿಯ ತುದಿಯನ್ನು ನೋಡಿ. ಟೊಳ್ಳಾಗಿದ್ದರೆ ತಗಡು, ಅಲ್ಲಿಂದ ಎದ್ದು ಬನ್ನಿ. ಗಟ್ಟಿಯಾಗಿದ್ದರೆ ಕೆಲವು ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಇರಬಹುದು. ಅಲ್ಯೂಮಿನಿಯಂ ಕೈಗೆತ್ತಿಕೊಂಡರೆ ಸಾಕು, ಗೊತ್ತಾಗುತ್ತದೆ: ಹಿತ್ತಾಳೆಯ ಮೂರನೇ ಒಂದು ಪಾಲಿನಷ್ಟೂ ತೂಕವಿರುವುದಿಲ್ಲ. ಹಳಿಯಲ್ಲೇ ವಿದ್ಯುತ್ ಹರಿಸುವವರಿಗೆ ಅದು ಬೇಡ, ಏಕೆಂದರೆ ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡ್ ಪದರ ವಿದ್ಯುತ್ತನ್ನು ತಡೆಯುತ್ತದೆ. ಬ್ಯಾಟರಿಯಿಂದಲೋ ಉಗಿಯಿಂದಲೋ ಎಂಜಿನ್ ಓಡಿಸುವವರಾದರೆ ಧಾರಾಳವಾಗಿ ಕೊಳ್ಳಿ.

ಹೆಜ್ಜೆ 3: ಮಗುಚಿ ನೋಡುವುದು

ಎಲ್ಲರೂ ಸೋಲುವುದು ಇಲ್ಲಿ, ಆದ್ದರಿಂದ ಸಾವಧಾನವಾಗಿ ಹೇಳುತ್ತೇನೆ.

ಹಳಿಯನ್ನು ಬೆನ್ನು ಮೇಲೆ ಮಾಡಿ ಮೊಣಕಾಲ ಮೇಲಿಟ್ಟುಕೊಳ್ಳಿ. ಸ್ಲೀಪರಿನ ಬಣ್ಣ ಮಾಸಿದೆಯೋ ಇಲ್ಲವೋ ಎನ್ನುವುದಲ್ಲ ಪ್ರಶ್ನೆ. ಬೆರಳಿನಿಂದ ಉಜ್ಜಿದಾಗ ಸುಣ್ಣದಂತಹ ಬಿಳಿ ಪುಡಿ ಬಂದರೆ ಬಿಸಿಲು ಪ್ಲಾಸ್ಟಿಕ್ಕನ್ನು ತಿಂದಿದೆ ಎಂದರ್ಥ. ಎರಡೂ ತುದಿ ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ, ಆದರೆ ಅದರ ಕಾಲು ಭಾಗದ ಬಲದಲ್ಲಿ ತಿರುಚಿ. ಒಳ್ಳೆಯ ಸ್ಲೀಪರ್ ಬಳುಕಿ ಹಿಂದಕ್ಕೆ ಬರುತ್ತದೆ. ಸತ್ತದ್ದು ಚಟ್ ಎನ್ನುತ್ತದೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ಉತ್ತರ ಸಿಕ್ಕಿತು ಎಂದುಕೊಳ್ಳಿ. ಅಡಿಯಲ್ಲಿ ‘ಪಶ್ಚಿಮ ಜರ್ಮನಿ’ ಎಂಬ ಅಚ್ಚು ಕಂಡರೆ ಅದು 1990ಕ್ಕಿಂತ ಹಿಂದಿನ ಮಾಲು. ವಯಸ್ಸಾಗಿದೆ ಎಂದು ತಳ್ಳಿಹಾಕಬೇಡಿ, ಅಂಥವುಗಳಲ್ಲಿ ನಿನ್ನೆ ತಂದಷ್ಟು ಗಟ್ಟಿಯಾಗಿರುವುದನ್ನು ನೋಡಿದ್ದೇನೆ.

ಮುಂದೆ ಹಳಿಯ ಪಾದವನ್ನು ಹಿಡಿದಿರುವ ಪುಟ್ಟ ಕೊಕ್ಕೆಗಳು. ತುದಿಯ ಸ್ಲೀಪರಿನ ಕೊಕ್ಕೆಗಳು ಮುರಿದಿರುವುದೇ ಹೆಚ್ಚು, ಏಕೆಂದರೆ ಜನ ಹಳಿಯನ್ನು ನೇರವಾಗಿ ಎಳೆದು ಬಿಡಿಸದೆ ಮೇಲಕ್ಕೆತ್ತಿ ಕೀಳುತ್ತಾರೆ. ಅಲ್ಲೊಂದು ಇಲ್ಲೊಂದು ಮುರಿದಿದ್ದರೆ ತೊಂದರೆಯಿಲ್ಲ. ತಿರುವಿನ ಹಳಿಯಲ್ಲಿ ಒಂದೇ ಸಾಲಿನಲ್ಲಿ ಮೂರು ಹೋಗಿದ್ದರೆ ಬಿಡಿ. ಭಾರದ ಎಂಜಿನ್ ಬಂದಾಗ ಗೇಜ್ ಅಗಲವಾಗಿ ಚಕ್ರ ಒಳಗೆ ಬೀಳುತ್ತದೆ.

ಕೊನೆಗೆ ಫಿಶ್‌ಪ್ಲೇಟ್, ಎರಡು ಹಳಿಗಳನ್ನು ಬೆಸೆಯುವ ಲೋಹದ ತುಂಡು. ಕಣ್ಣಿಗೆ ಹತ್ತಿರ ಹಿಡಿದು ತುದಿಯ ಕಡೆಯಿಂದ ನೋಡಿ. ಎರಡೂ ಅಂಚು ಹಳಿಯ ಪಾದವನ್ನು ಕಚ್ಚಿಕೊಂಡಿರಬೇಕು. ಆಕಳಿಸುವ ಬಾಯಿಯಂತೆ ತೆರೆದಿದ್ದರೆ, ಒಳಗೆ ಹಸಿರು ಕಿಲುಬು ಕಟ್ಟಿದ್ದರೆ ವಿದ್ಯುತ್ ದಾಟುವುದು ಕಷ್ಟ. ಇನ್ನೊಂದು ಹಳಿಯನ್ನು ತಳ್ಳಿ ನೋಡಿ: ಬೆರಳಿನಲ್ಲೇ ಜಾರಿ ಹೋದರೆ ಕೆಲಸಕ್ಕೆ ಬಾರದು. ಅಂಚಿನ ಮೇಲೆ ಇಕ್ಕಳದ ಹಲ್ಲಿನ ಗುರುತು ಇದೆಯೇ ಎಂದೂ ಹುಡುಕಿ. ಮಾರುವ ಹಿಂದಿನ ದಿನ ಇಕ್ಕಳದಿಂದ ಅದುಮಿ ಬಿಗಿ ಮಾಡುವುದು ಹಳೆಯ ಉಪಾಯ. ಬಿಸಿಲಿಗೆ ಹಳಿ ಹಿಗ್ಗಿ, ತಂಪಿಗೆ ಕುಗ್ಗಿ, ಆ ಬಿಗಿ ಬಹುಬೇಗ ಸಡಿಲಾಗುತ್ತದೆ.

ಸಡಿಲಾದ ಜಾಗಕ್ಕೆ ಸ್ಕ್ರೂ ಹಾಕಿ ಬಿಗಿಯುವ ಹಿತ್ತಾಳೆಯ ಕ್ಲ್ಯಾಂಪ್ ಸಿಗುತ್ತದೆ. ನನ್ನ ಮಟ್ಟಿಗೆ ಬೇರೆ ಮದ್ದಿಲ್ಲ. ಆದರೆ ಆ ಲೆಕ್ಕವನ್ನು ಹಳಿಯ ಬೆಲೆಗೆ ಮೊದಲೇ ಸೇರಿಸಿಕೊಳ್ಳಿ. 30 ಮೀಟರಿನ ಒಂದು ಸುತ್ತನ್ನು 300 ಮಿ.ಮೀ. ತುಂಡುಗಳಲ್ಲಿ ಹಾಕಿದರೆ 100 ಜೋಡಣೆ, 200 ಕ್ಲ್ಯಾಂಪ್. ಅದನ್ನೇ 1200 ಮಿ.ಮೀ. ತುಂಡುಗಳಲ್ಲಿ ಹಾಕಿದರೆ 25 ಜೋಡಣೆ, 50 ಕ್ಲ್ಯಾಂಪ್. ಚಿಕ್ಕ ತುಂಡು ಅಗ್ಗವೆಂದು ರಾಶಿ ಹಾಕಿಕೊಂಡವರು ಆಮೇಲೆ ಅಳುವುದು ಇದಕ್ಕೇ.

ಹೆಜ್ಜೆ 4: ತಿರುವು ಮತ್ತು ಪಾಯಿಂಟ್

ಹಳೆಯ ಮಾಲಿನಲ್ಲಿ ರಾಶಿ ರಾಶಿ ಸಿಗುವುದು ‘ಆರ್1’ ತಿರುವು: 600 ಮಿ.ಮೀ. ತ್ರಿಜ್ಯ, 12 ತುಂಡಿಗೆ ಒಂದು ವೃತ್ತ. ಆರಂಭಿಕರ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರುವುದು ಅದೇ, ಆಟ ಮುಂದುವರಿದ ಮೇಲೆ ಎಲ್ಲರೂ ಮಾರುವುದೂ ಅದನ್ನೇ. ಉದ್ದದ ಎಂಜಿನ್ ಅದರಲ್ಲಿ ಏದುಸಿರು ಬಿಡುತ್ತದೆ. ಜಾಗವಿದ್ದರೆ ಸುಮಾರು ಎರಡು ಪಟ್ಟು ತ್ರಿಜ್ಯದ, 16 ತುಂಡಿನ ‘ಆರ್3’ಗೆ ಕಾಯಿರಿ. ಯಾರಾದರೂ ಬಾಗಿಸಿ ಬಳಸಿದ ಉದ್ದದ ಹಳಿಯಾದರೆ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ದೃಷ್ಟಿ ಹಾಯಿಸಿ. ಬಾಗಿಸುವ ಯಂತ್ರ ತುದಿಯವರೆಗೆ ತಲುಪುವುದಿಲ್ಲ, ಅಲ್ಲಿ ಮೊಣಕೈಯಂತಹ ಸೊಟ್ಟ ಉಳಿದಿರುತ್ತದೆ. ಅಷ್ಟನ್ನು ಗರಗಸದಿಂದ ಕತ್ತರಿಸಬೇಕಾಗುತ್ತದೆ ಎಂದು ಅಳತೆಯಲ್ಲಿ ಕಳೆಯಿರಿ.

ಪಾಯಿಂಟ್ (ಒಂದು ದಾರಿ ಎರಡಾಗಿ ಕವಲೊಡೆಯುವ ಹಳಿ) ಆದರೆ ಒಂದು ಬೋಗಿಯನ್ನು ಕೈಯಲ್ಲೇ ಎರಡೂ ದಾರಿಯಲ್ಲಿ ತಳ್ಳಿ ನೋಡಿ. ದಾರಿ ಬದಲಿಸುವ ಮೋಟಾರನ್ನು ಓಡಿಸಿ ತೋರಿಸದಿದ್ದರೆ ಅದಕ್ಕೆ ಬೆಲೆ ಕಟ್ಟಬೇಡಿ.

ಹೆಜ್ಜೆ 5: ತೊಳೆಯುವುದು

ಮೇಲ್ಮೈಯನ್ನು ನೈಲಾನ್ ಉಜ್ಜುಪಟ್ಟಿಯಿಂದ ತಿಕ್ಕಿ, ನೀರಿನಲ್ಲಿ ತೊಳೆಯಿರಿ, ಮುಗಿಯಿತು. ಒರಟು ಉಪ್ಪು ಕಾಗದ ಗೀರು ಮೂಡಿಸುತ್ತದೆ, ಆ ಗೀರಿನಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಉಕ್ಕಿನ ನಾರಂತೂ ಬೇಡವೇ ಬೇಡ. ಅದರ ಎಳೆಗಳು ಎಂಜಿನ್ನಿನ ಮೋಟಾರಿನ ಅಯಸ್ಕಾಂತಕ್ಕೆ ಹೋಗಿ ಸೇರುತ್ತವೆ. ಕ್ಷಣದಲ್ಲಿ ಮಿಂಚಿಸುತ್ತೇವೆ ಎನ್ನುವ ಆಮ್ಲದ ದ್ರಾವಣಗಳನ್ನೂ ನಾನು ಮುಟ್ಟುವುದಿಲ್ಲ. ಸರಿಯಾಗಿ ತೊಳೆಯದಿದ್ದರೆ ಹಿತ್ತಾಳೆಯ ಸತುವು ಕರಗಿ ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಳಿಯ ಪಕ್ಕಗಳು ಕಂದಾಗಿಯೇ ಇರಲಿ, ನಿಜವಾದ ರೈಲುಹಳಿಯೂ ಹಾಗೆಯೇ ಇರುತ್ತದೆ.

ನೀವೇ ಮಾರುವವರಾದರೆ

ಎಲ್ಲವನ್ನೂ ಒಂದೇ ರಾಶಿಯಲ್ಲಿ ಮಾರಬೇಡಿ. ಆರ್1 ತಿರುವುಗಳ ಜೊತೆ ಸೇರಿದ ಉದ್ದದ ನೇರ ಹಳಿ ಮತ್ತು ಪಾಯಿಂಟ್ ತಮ್ಮ ಬೆಲೆ ಕಳೆದುಕೊಳ್ಳುತ್ತವೆ. ಲೋಹ, ಕೋಡ್, ತಯಾರಕರ ಪ್ರಕಾರ ಬೇರ್ಪಡಿಸಿ, ತುಂಡಿನ ಸಂಖ್ಯೆಯ ಜೊತೆಗೆ ಒಟ್ಟು ಮೀಟರನ್ನೂ ಬರೆಯಿರಿ. ಅಡಿಭಾಗದ ಮತ್ತು ಫಿಶ್‌ಪ್ಲೇಟಿನ ಚಿತ್ರ ಹಾಕಿ. ಬಲ್ಲವರು ಕೇಳುವುದೇ ಅದನ್ನು. ಹಿತ್ತಾಳೆಗೆ ಗುಜರಿಯಲ್ಲೂ ಬೆಲೆಯಿದೆ, ಅದಕ್ಕಿಂತ ಕೆಳಗೆ ಇಳಿಯುವ ಅಗತ್ಯವಿಲ್ಲ.

ಕಟ್ಟುವಾಗ ಎರಡೆರಡು ಹಳಿಗಳನ್ನು ಮುಖಕ್ಕೆ ಮುಖ ಸೇರಿಸಿ, ಉದ್ದದವುಗಳನ್ನು ಮರದ ಪಟ್ಟಿಗೆ ಬಿಗಿದು ಕಟ್ಟಿ. ತುದಿಗಳಿಗೆ ದಪ್ಪ ರಟ್ಟಿನ ಟೋಪಿ ಹಾಕದಿದ್ದರೆ ಫಿಶ್‌ಪ್ಲೇಟ್ ಪೆಟ್ಟಿಗೆಯನ್ನು ತೂತು ಮಾಡಿಕೊಂಡು ಹೊರಬಂದು ಬಾಗುತ್ತದೆ. ಬಿಡಿ ಸ್ಕ್ರೂಗಳನ್ನು ಚೀಲದಲ್ಲಿ ಹಾಕಿ ಹಳಿಗೇ ಅಂಟಿಸಿ. ಪೆಟ್ಟಿಗೆಯ ತಳಕ್ಕೆ ಸುರಿದರೆ ಅರ್ಧಕ್ಕರ್ಧ ರದ್ದಿ ಕಾಗದದ ಜೊತೆ ಕಸಕ್ಕೆ ಹೋಗುತ್ತವೆ.